ತೊಳೆಯದ ಗಿಡ

ವಡ್ಡು ಎಂಬ ಊರಿನ ತಾಯಕ್ಕ ಯಾವ ಗಿಡವನ್ನೂ ಯಾರಿಂದಲೂ ಬಚ್ಚಿಟ್ಟವಳಲ್ಲ, ಒಂದನ್ನು ಬಿಟ್ಟು.

ಮಗುವಿಗೆ ಕಜ್ಜಿ ಎಂದು ಬಂದವರಿಗೆ ಕುಪ್ಪಿ ಗಿಡದ ಎಲೆಯನ್ನು ಉಪ್ಪು ಹಾಕಿ ತಿಕ್ಕಿ ಹಚ್ಚಿರಿ ಎನ್ನುತ್ತಿದ್ದಳು. ಬಿಸಿಲಿಗೆ ಮುಖ ಕಪ್ಪಿಟ್ಟ ಹುಡುಗಿಯರಿಗೆ ಹಿತ್ತಲಿನ ಲೋಳೆಸರ ಸೀಳಿ ಕೊಡುತ್ತಿದ್ದಳು. ಬಾಣಂತಿಯ ಸ್ನಾನಕ್ಕೆ ಲಕ್ಕಿ ಸೊಪ್ಪು, ಬೆವರುಸಾಲೆಗೆ ಬೇವಿನ ಚಿಗುರು ಮತ್ತು ಅರಿಶಿನ, ಒಡೆದ ಹಿಮ್ಮಡಿಗೆ ಕಾಸಿದ ಹೊಂಗೆ ಎಣ್ಣೆ. ಊರಿನಲ್ಲಿ ಮದುವೆ ಗೊತ್ತಾದರೆ ಮದುಮಗಳ ತಾಯಿ ಹದಿನೈದು ದಿನ ಮೊದಲೇ ಬಂದು ತಂಗಡಿ ಹೂವಿನ ಪುಡಿ ಕೇಳಿಕೊಂಡು ಹೋಗುತ್ತಿದ್ದಳು. ಅದನ್ನು ಕಡ್ಲೆಹಿಟ್ಟಿನಲ್ಲಿ ಕಲೆಸಿ ಮೈಗೆ ಹಚ್ಚಿದರೆ ಚರ್ಮ ನುಣುಪಾಗುತ್ತದೆ. ಇದೆಲ್ಲ ಕೇಳಿದವರಿಗೆ ಹೇಳುವ ಮಾತು. ತಾಯಕ್ಕ ಗಿಡ ತೋರಿಸಿ, ಎಲೆ ಕಿತ್ತು, ಮೂಸಿ ನೋಡಲು ಕೈಗೆ ಕೊಟ್ಟು ಕಳಿಸುತ್ತಿದ್ದಳು.

ಆದರೆ ಇಸಬಿನ ಔಷಧಿಯ ಮಾತು ಬೇರೆ. ವರ್ಷಗಟ್ಟಲೆ ಕೆರೆದು, ಕೀವು ಸೋರಿ, ಚರ್ಮ ಆನೆಯ ಕಾಲಿನಂತೆ ದಪ್ಪಗಾದ ಇಸಬಿಗೆ ಅವಳು ಕೊಡುತ್ತಿದ್ದ ಗಿಡಕ್ಕೆ ಹೆಸರಿರಲಿಲ್ಲ. ಇದ್ದರೂ ಅವಳಿಗೆ ಗೊತ್ತಿರಲಿಲ್ಲ. ಅತ್ತೆ ಎರ್ರೆಮ್ಮನಿಂದ ಆ ಔಷಧಿ ಅವಳಿಗೆ ಬಂದಿತ್ತು, ಎರ್ರೆಮ್ಮನಿಗೆ ಅವಳ ಅತ್ತೆಯಿಂದ. ಮಗಳಿಗೆ ಕೊಡುವಂತಿಲ್ಲ, ಮನೆಗೆ ಬಂದ ಸೊಸೆಗೇ ಕೊಡಬೇಕು. ಗಿಡದ ಹೆಸರು ಬಾಯಿಗೆ ಬಂದರೆ ಗುಣ ಹೋಗುತ್ತದೆ ಎಂದು ಯಾವ ಅತ್ತೆಯೂ ಯಾವ ಸೊಸೆಗೂ ಹೆಸರು ಹೇಳದೆ, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದ್ದರು, ಅಷ್ಟೆ. ಹೀಗೆ ಮೂರು ತಲೆಮಾರಿನಲ್ಲಿ ಹೆಸರು ಎಲ್ಲೋ ಬಿದ್ದುಹೋಗಿ ಗಿಡ ಮಾತ್ರ ಉಳಿದಿತ್ತು.

ಉಳಿದ ಕಟ್ಟಳೆಗಳು ಬೇಕಾದಷ್ಟಿದ್ದವು. ಭಾನುವಾರ ಬೆಳಕು ಹರಿಯುವಾಗ ಹೋಗಬೇಕು. ನಡೆದೇ ಹೋಗಬೇಕು. ಬಾಯಿಗೆ ಏನೂ ಹಾಕಿರಬಾರದು, ಯಾರ ಜೊತೆಗೂ ಮಾತಾಡಬಾರದು. ತನ್ನ ನೆರಳು ಗಿಡದ ಮೇಲೆ ಬೀಳಬಾರದು. ಎಡಗೈಯಿಂದ ಕೀಳಬೇಕು, ಮೂರು ಸಲ ಕೊಡವಬೇಕು. ನೀರು ಮಾತ್ರ ತಾಗಿಸಕೂಡದು. ನೀರು ತಾಗಿದರೆ ಗಿಡದ ಹಾಲು ಸತ್ತುಹೋಗುತ್ತದೆ. ಬೇರು, ಕಡ್ಡಿ, ಎಲೆ ಎಲ್ಲವನ್ನೂ ಹಾಗೆಯೇ ಹರಳೆಣ್ಣೆಯಲ್ಲಿ ಅರೆದು ಮೂರು ಭಾನುವಾರ ಹಚ್ಚಬೇಕು. ರೋಗಿ ಬದನೆಕಾಯಿ, ಒಣಮೀನು, ಹುರುಳಿ ಮುಟ್ಟಬಾರದು. ಔಷಧಿ ಕೊಟ್ಟವಳು ತೆಂಗಿನಕಾಯಿಯೊಂದನ್ನು ಬಿಟ್ಟು ಬೇರೇನೂ ತೆಗೆದುಕೊಳ್ಳಬಾರದು.

ಇವೆಲ್ಲದರ ಜೊತೆಗೆ ಎರ್ರೆಮ್ಮ ಒಂದು ಮಾತು ಹೇಳಿಕೊಟ್ಟಿದ್ದಳು: "ಕೆಂಪು ಕಡ್ಡಿ ನಮ್ದು, ಬಿಳೇ ಕಡ್ಡಿ ಮಂದೀದು."

ಕಂಪ್ಲಿ ಕಡೆಯ ಗದ್ದೆ ಊರಿನಿಂದ ಹದಿನಾರರ ವಯಸ್ಸಿನಲ್ಲಿ ಸೊಸೆಯಾಗಿ ಬಂದಿದ್ದ ತಾಯಕ್ಕ ಆ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಳು. ಆದರೆ ಅದನ್ನು ಬಿಚ್ಚಿ ನೋಡುವ ಪ್ರಸಂಗ ನಲವತ್ತು ವರ್ಷ ಬರಲಿಲ್ಲ. ಎರ್ರೆಮ್ಮ ತೋರಿಸಿದ ಜಾಗ ಊರ ಹಿಂದಿನ ಹಳ್ಳದ ದಂಡೆ. ಎರಡು ಬಂಡೆಗಳ ನಡುವೆ ಮೊಣಕಾಲೆತ್ತರದ ಪೊದೆ, ಎಲ್ಲವೂ ಕೆಂಪು ಕಡ್ಡಿಯವೇ. ಬಿಳಿ ಕಡ್ಡಿಯ ಗಿಡ ಹೇಗಿರುತ್ತದೆ ಎಂಬುದನ್ನು ಅವಳು ಕಂಡೇ ಇರಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ದಸರೆ ಮುಗಿದ ವಾರ ಹಳ್ಳದ ದಂಡೆಗೆ ಜೆಸಿಬಿ ಬಂತು. ಅದಿರಿನ ಲಾರಿಗಳಿಗೆ ಊರೊಳಗಿನ ರಸ್ತೆ ಸಾಲದೆ ಹಿಂದಿನಿಂದ ಹೊಸ ದಾರಿ ಮಾಡುತ್ತಿದ್ದರು. ತಾಯಕ್ಕ ಭಾನುವಾರ ಹೋಗಿ ನೋಡಿದರೆ ಬಂಡೆಯೂ ಇಲ್ಲ, ಪೊದೆಯೂ ಇಲ್ಲ, ಆಳೆತ್ತರದ ಮೊರಂ ಮಣ್ಣು. ಮಾತಾಡಬಾರದ ಹೊತ್ತಾದ್ದರಿಂದ ಅವಳು ಯಾರನ್ನೂ ಬೈಯಲೂ ಆಗದೆ ಮನೆಗೆ ಬಂದಳು.

ಮುಂದಿನ ಎರಡು ವಾರ ಹುಡುಕಿದ ಮೇಲೆ ತೋರಣಗಲ್ಲಿನ ಕಡೆ ಹೋಗುವ ರಸ್ತೆಯ ಪಕ್ಕದ ಹಳೇ ಒಡ್ಡಿನ ಮೇಲೆ ಅವೇ ಗಿಡಗಳು ಕಂಡವು. ಅದೇ ಎಲೆ, ಅದೇ ಎತ್ತರ, ಮುರಿದರೆ ಅದೇ ಹಾಲು. ಕಡ್ಡಿ ಕೆಂಪು. ತಾಯಕ್ಕ ಅರಿಶಿನದ ಕೊಂಬು ಕಟ್ಟಿ, ಅಕ್ಕಿಕಾಳು ಹಾಕಿ, ನಿನ್ನ ಮನೆಗೆ ಬಂದೀನಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಕಿತ್ತು ತಂದಳು.

ಆ ಗಿಡದ ಮೊದಲ ಔಷಧಿ ಬಿದ್ದದ್ದು ಮೂಕಣ್ಣನ ಕಾಲಿಗೆ.

ಮೂಕಣ್ಣ ಹೆಸರಿಗೆ ಮೂಕಣ್ಣ, ಊರಿನಲ್ಲಿ ಅವನಷ್ಟು ಮಾತಾಡುವವರಿಲ್ಲ. ಇದ್ದ ಒಂದೂವರೆ ಎಕರೆಯನ್ನು ಅದಿರು ಸುರಿಯಲು ಬಾಡಿಗೆಗೆ ಕೊಟ್ಟು, ತಾನು ನೀರಿನ ಟ್ಯಾಂಕರ್ ಮೇಲೆ ಕೆಲಸಕ್ಕೆ ನಿಂತಿದ್ದ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಧೂಳು ಏಳದಂತೆ ರಸ್ತೆಗೆ ನೀರು ಹೊಡೆಯುವುದು. ನೀರು ಆರುವ ಮೊದಲೇ ನೂರು ಲಾರಿ ಓಡಿ ಧೂಳು ಮತ್ತೆ ಏಳುತ್ತಿತ್ತು. ದೇವರು ಬರೆದ ಕೆಲಸ ಇದು, ಎಂದೂ ಮುಗಿಯೋದಿಲ್ಲ ಎಂದು ಅವನು ನಗುತ್ತಿದ್ದ. ಅವನ ಎಡಗಾಲಿನ ಪಾದದ ಮೇಲೆ ಎರಡು ವರ್ಷದ ಇಸಬು.

ತಾಯಕ್ಕ ಔಷಧಿ ಹಚ್ಚಿದ ಮರುದಿನ ಅವನ ಹೆಂಡತಿ ವಿರುಪಮ್ಮ ಅವನನ್ನು ಹೆಗಲು ಕೊಟ್ಟು ಕರೆತಂದಳು. ಪಾದದ ಮೇಲೆ ಕೋಳಿಮೊಟ್ಟೆ ಗಾತ್ರದ ಬೊಬ್ಬೆಗಳು. ತಾಯಕ್ಕ ಬಗ್ಗಿ ನೋಡಿದಳು. ನಲವತ್ತು ವರ್ಷದಲ್ಲಿ ಅವಳ ಔಷಧಿ ಉರಿದದ್ದಿತ್ತು, ಸುಟ್ಟದ್ದಿರಲಿಲ್ಲ.

ಅವಳು ಕೇಳಿದ್ದು ಒಂದೇ ಪ್ರಶ್ನೆ. ಏನು ತಿಂದೆ?

ಮೂಕಣ್ಣ ಏನೂ ತಿಂದಿಲ್ಲ ಎಂದ. ವಿರುಪಮ್ಮ ಮನೆಯಲ್ಲಂತೂ ಇಲ್ಲ, ಹೊರಗಿನದು ಗೊತ್ತಿಲ್ಲ ಎಂದಳು. ಸುತ್ತ ಸೇರಿದ ನಾಲ್ಕು ಮಂದಿ ನೆನಪು ಮಾಡಿಕೋ ಎಂದು ಒತ್ತಾಯಿಸಿದರು. ಹಾಗೆ ಒತ್ತಿ ಒತ್ತಿ ಕೇಳಿದ ಮೇಲೆ, ಶನಿವಾರ ತೋರಣಗಲ್ಲಿನ ಖಾನಾವಳಿಯ ಸಾರಿನಲ್ಲಿ ಒಂದು ಹೋಳು ಬದನೆಕಾಯಿ ಇತ್ತೋ ಏನೋ, ಇತ್ತು ಅನಿಸುತ್ತದೆ, ಎಂದ ಮೂಕಣ್ಣ.

ಎಲ್ಲರೂ ಉಸಿರು ಬಿಟ್ಟರು. ಎಲ್ಲರಿಗಿಂತ ದೊಡ್ಡ ಉಸಿರು ತಾಯಕ್ಕನದು. ಅಂದಿನಿಂದ ಅವನು ಬದನೆಕಾಯಿ ಮೂಕಣ್ಣನಾದ. ಟ್ಯಾಂಕರ್ ಹೋಗುವಾಗ ಹುಡುಗರು ಬದನೆಕಾಯಿ ಬಂತು ಎಂದು ಕೂಗುತ್ತಿದ್ದರು. ಹದಿನೆಂಟು ದಿನ ಅವನು ಕೆಲಸಕ್ಕೆ ಹೋಗಲಾಗಲಿಲ್ಲ. ವಿರುಪಮ್ಮ ಮನೆಗೆ ಬದನೆಕಾಯಿ ತರುವುದನ್ನೇ ನಿಲ್ಲಿಸಿದಳು.

ಸಂಕ್ರಾಂತಿ ಕಳೆದ ಮೇಲೆ ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ನೀಲಗಂಗಮ್ಮ ಕಾರು ಮಾಡಿಕೊಂಡು ಬಂದಳು. ಕೈಯ ಬೆರಳ ಸಂದಿಯಲ್ಲಿ ಇಸಬು. ಹೊಸಪೇಟೆಯಲ್ಲಿ ಎರಡು ಕಡೆ ತೋರಿಸಿ ಬೇಸತ್ತಿದ್ದಳು. ನೇಮಸ್ಥ ಹೆಂಗಸು. ಸ್ನಾನ, ಪೂಜೆ ಆಗದೆ ಹನಿ ನೀರೂ ಕುಡಿಯುವವಳಲ್ಲ. ಪಥ್ಯವನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದಳು. ಎರಡನೇ ದಿನ ತಿರುಗಿ ಬಂದಾಗ ಅವಳ ಕೈ ಬಟ್ಟೆಯಲ್ಲಿ ಸುತ್ತಿತ್ತು.

ಏನು ತಿಂದಿರಿ ಎಂದು ಕೇಳಲು ತಾಯಕ್ಕನಿಗೆ ಬಾಯಿ ಬರಲಿಲ್ಲ. ಆದರೂ ಕೇಳಿದಳು.

"ಗಂಜಿ ಕುಡ್ದೀನಿ ತಾಯಕ್ಕ, ಎರಡು ದಿನ ಬರೇ ಗಂಜಿ," ಎಂದಳು ನೀಲಗಂಗಮ್ಮ. ಬೈಯಲಿಲ್ಲ, ಕೂಗಾಡಲಿಲ್ಲ. "ನಿಮ್ಮ ಕೈಗುಣ ದೊಡ್ಡದು ಅಂತ ಭಾಳ ಮಂದಿ ಹೇಳಿದ್ರು. ನನ್ನ ದೈವ ಸಣ್ಣದು ಬಿಡ್ರಿ."

ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ಸುಟ್ಟಿತು. ಕಾರು ಹೋದ ಮೇಲೆ ತಾಯಕ್ಕ ಕಟ್ಟೆಯ ಮೇಲೆ ಕುಳಿತಳು. ಗಂಜಿ ಕುಡಿದವಳ ಕೈಯೂ ಸುಟ್ಟಿತೆಂದರೆ ಮೂಕಣ್ಣನ ಬದನೆಕಾಯಿ ಏನು ಮಾಡೀತು?

ಅಲ್ಲಿಂದ ಅವಳ ತಲೆ ಗಾಣದ ಎತ್ತಿನಂತೆ ಸುತ್ತತೊಡಗಿತು. ತಪ್ಪು ರೋಗಿಯದಲ್ಲದಿದ್ದರೆ ತನ್ನದು. ತನ್ನದಾದರೆ ಯಾವುದು? ಹುಡುಕಿದರೆ ಒಂದಲ್ಲ, ಹತ್ತು ಸಿಕ್ಕವು. ಒಡ್ಡು ದೂರ ಎಂದು ಒಂದು ಭಾನುವಾರ ಮಗ ರೇವಣಸಿದ್ದ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿದ್ದ. ಅವನು ಕಾರ್ಖಾನೆಯ ಬೆಳಗಿನ ಶಿಫ್ಟಿಗೆ ಹೋಗುವ ದಾರಿ ಅದೇ. ಎಲ್ಲಿ ಇಳಿಸಲಿ ಅವ್ವ ಎಂದಾಗ ಅವಳು ಇಲ್ಲೇ ಎಂದುಬಿಟ್ಟಿದ್ದಳು. ನಡೆದು ಹೋಗಲಿಲ್ಲ, ಒಂದು, ಮಾತಾಡಿದಳು, ಎರಡು. ಅದು ಮೂಕಣ್ಣನ ಔಷಧಿಗೋ, ನೀಲಗಂಗಮ್ಮನದಕ್ಕೋ? ನೆನಪಾಗಲೊಲ್ಲದು. ನೀಲಗಂಗಮ್ಮ ತೆಂಗಿನಕಾಯಿಯ ಜೊತೆ ಒಂದು ಕುಪ್ಪಸದ ಬಟ್ಟೆ ಇಟ್ಟಿದ್ದಳು. ತಾಯಕ್ಕ ಬೇಡವೆಂದು ತಿರುಗಿ ಕೊಟ್ಟಿದ್ದಳು, ಆದರೆ ಕೈಯಲ್ಲಿ ಹಿಡಿದು ನೋಡಿದ್ದಂತೂ ನಿಜ. ಹಿಡಿದದ್ದು ತೆಗೆದುಕೊಂಡ ಹಾಗೆಯೇ? ಒಡ್ಡಿನ ಮೇಲೆ ಪೂರ್ವಕ್ಕೆ ನಿಂತರೆ ನೆರಳು ಗಿಡದ ಮೇಲೆ, ಪಶ್ಚಿಮಕ್ಕೆ ನಿಂತರೆ ಲಾರಿಯ ದೀಪಕ್ಕೆ ಮತ್ತೊಂದು ನೆರಳು. ಎರ್ರೆಮ್ಮನ ಕಾಲದಲ್ಲಿ ಒಬ್ಬ ಮನುಷ್ಯನಿಗೆ ಒಂದೇ ನೆರಳಿತ್ತು.

ಊರಮ್ಮನಿಗೆ ಕಾಯಿ ಒಡೆಸಿದಳು. ಒಂಬತ್ತು ಸೋಮವಾರ ಒಪ್ಪತ್ತು ಉಣ್ಣುತ್ತೇನೆಂದು ಹರಕೆ ಹೊತ್ತಳು. ಮುಂದಿನ ಭಾನುವಾರ ನಡೆದೇ ಹೋಗಿ, ತುಟಿಯನ್ನು ಸೆರಗಿನಿಂದ ಕಟ್ಟಿಕೊಂಡು, ಲಾರಿಗಳ ನಡುವಿನ ಕತ್ತಲೆಗೆ ಕಾದು ನಿಂತು ಗಿಡ ಕಿತ್ತು ತಂದಳು. ಅರೆದಳು. ಮುದ್ದೆ ಇಟ್ಟಂಗಿ ಬಣ್ಣಕ್ಕೆ ಬಂತು. ಹಳ್ಳದ ದಂಡೆಯ ಗಿಡವನ್ನು ಅರೆದಾಗ ಅದು ಎಮ್ಮೆಯ ಚರ್ಮದಂತೆ ಕಪ್ಪು ಹಸಿರಾಗಿರುತ್ತಿತ್ತು. ಆದರೆ ಅದಿರಿನ ಧೂಳಿಗೆ ಈಗ ಕೆಂಪಾಗದೆ ಇದ್ದದ್ದು ಏನಿತ್ತು? ಬಿಳಿ ಎತ್ತು ಕೆಂಪಾಗಿತ್ತು, ಮಸೀದಿಯ ಗೋಡೆ ಕೆಂಪಾಗಿತ್ತು, ಕೆಮ್ಮಿದರೆ ಕಫವೂ ಕೆಂಪಾಗಿತ್ತು. ಹಾಗಾಗಿ ಅವಳು ಬಣ್ಣವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಔಷಧಿ ಕೊಡುವವಳು ತನ್ನ ಮೈಗೆ ಹಚ್ಚಿಕೊಳ್ಳಬಾರದು ಎಂಬುದೂ ಒಂದು ಕಟ್ಟಳೆ. ಅದನ್ನು ಮುರಿದು ತಾಯಕ್ಕ ಎಡಗೈಯ ಒಳಮಗ್ಗುಲಿಗೆ ಒಂದು ಬೆರಳಿನಷ್ಟು ಹಚ್ಚಿಕೊಂಡಳು. ಬೆಳಿಗ್ಗೆ ಅಲ್ಲಿ ಬೊಬ್ಬೆ ಎದ್ದಿತ್ತು. ಈಗ ಅವಳಿಗೆ ಮೊದಲಿಗಿಂತ ಹೆಚ್ಚು ಗಲಿಬಿಲಿಯಾಯಿತು. ಬೊಬ್ಬೆ ಎದ್ದದ್ದು ಔಷಧಿ ಕೆಟ್ಟದ್ದಕ್ಕೋ, ಹಚ್ಚಿಕೊಳ್ಳಬಾರದ್ದನ್ನು ಹಚ್ಚಿಕೊಂಡದ್ದಕ್ಕೋ?

ಇಷ್ಟರಲ್ಲಿ ಮನೆಯೊಳಗೇ ಒಂದು ಕಾಲು ಕಾಯುತ್ತಿತ್ತು. ಮೊಮ್ಮಗಳು ಕಾವ್ಯ, ಎರಡನೇ ತರಗತಿ. ಹುಡುಗಿಯ ಬಲಗಾಲಿನ ಹರಡಿನ ಸುತ್ತ ಇಸಬು ಎದ್ದು, ಕೆರೆದುಕೊಂಡು ಶಾಲೆಯ ಸಾಕ್ಸು ರಕ್ತಕ್ಕೆ ಅಂಟುತ್ತಿತ್ತು. ಸೊಸೆ ಸುನಿತಾ ಹೊಸಪೇಟೆಯವಳು, ಪಿಯುಸಿ ಓದಿದವಳು. ಆದರೂ ಮದುವೆಯಾಗಿ ಬಂದ ಮೇಲೆ ಅತ್ತೆಯ ಔಷಧಿಗೆ ಜನ ಆಂಧ್ರದಿಂದ ಬರುವುದನ್ನು ಕಣ್ಣಾರೆ ಕಂಡಿದ್ದಳು. ಊರಿಗೆಲ್ಲ ಕೊಡುವ ಔಷಧಿಯನ್ನು ಮೊಮ್ಮಗಳಿಗೆ ಯಾಕೆ ಕೊಡುತ್ತಿಲ್ಲ ಎಂಬುದು ಅವಳಿಗೆ ತಿಳಿಯದಾಗಿತ್ತು. ಒಂದು ಭಾನುವಾರ ಅಮಾವಾಸ್ಯೆ ಬಂತು. ಮುಂದಿನ ಭಾನುವಾರ ತಾಯಕ್ಕನಿಗೆ ಮೊಣಕಾಲು ನೋವು ಬಂತು. ಮೂರನೆಯದಕ್ಕೆ ಅವಳು ಹರಳೆಣ್ಣೆ ತೀರಿದೆ ಎಂದಳು. ಎಣ್ಣೆ ಗಡಿಗೆಯಲ್ಲಿ ಅರ್ಧ ಇತ್ತು, ಸುನಿತಾ ಅದನ್ನು ನೋಡಿದ್ದಳು.

"ಅತ್ತಿ, ನಾನು ಹೊರಗಿನಾಕಿ ಅಂತ ಇಟ್ಕೋರಿ," ಎಂದಳು ಅವಳು ಕೊನೆಗೆ. "ಅದು ನಿಮ್ಮ ಮಗನ ಮಗಳಲ್ಲೇನು?"

ತಾಯಕ್ಕ ಎಣ್ಣೆಯ ಗಡಿಗೆಯನ್ನು ಮೂಲೆಗೆ ಸರಿಸಿದಳು. ಹಚ್ಚಿದರೆ ಕಾಲು ಸುಡಬಹುದು. ಹಚ್ಚದಿದ್ದರೆ ತನ್ನ ಕೈ ಸತ್ತಿದೆ ಎಂದು ತಾನೇ ಒಪ್ಪಿಕೊಂಡ ಹಾಗೆ. ಎರ್ರೆಮ್ಮ ಸಾಯುವ ಮುಂಚೆ ಅಂಗೈಯಲ್ಲಿ ಅಂಗೈ ಇಟ್ಟು ಕೊಟ್ಟದ್ದನ್ನು ತಾನು ಸುನಿತಾಳಿಗೆ ಕೊಡಬೇಕು. ಸುಡುವುದನ್ನು ಕೊಡುವುದು ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ, ಏನು ಕೆಟ್ಟಿದೆ ಎಂಬುದೇ ಗೊತ್ತಿಲ್ಲದೆ ಯಾವುದನ್ನು ಬಿಡುವುದು, ಯಾವುದನ್ನು ಹಿಡಿಯುವುದು?

ಶಿವರಾತ್ರಿ ಇನ್ನೂ ನಾಲ್ಕು ದಿನ ಇತ್ತು. ಅಂದು ಬೆಳಿಗ್ಗೆ ತಾಯಕ್ಕ ಹೊಲದ ಬದುವಿನಿಂದ ಒಂದು ಮಡಿಲು ಪುಂಡಿಸೊಪ್ಪು ಕಿತ್ತು ತಂದು ಬಚ್ಚಲ ಹತ್ತಿರ ಸುರಿದಳು. ಕೆಂಪು ಪುಂಡಿ ಸಿಕ್ಕಿದೆ, ಹುಳಿ ಚೆನ್ನಾಗಿರುತ್ತದೆ, ಬೇಳೆ ಹಾಕಿ ಮಾಡು ಎಂದು ಸೊಸೆಗೆ ಹೇಳಿ ಕಟ್ಟೆಯ ಮೇಲೆ ಕುಳಿತಳು. ಸುನಿತಾ ಬೋಗುಣಿಯಲ್ಲಿ ನೀರು ತುಂಬಿ ಸೊಪ್ಪು ಮುಳುಗಿಸಿದಳು. ಮೊದಲ ನೀರು ಹುಳಿಸಾರಿನ ಬಣ್ಣಕ್ಕೆ ತಿರುಗಿತು. ಎರಡನೇ ನೀರೂ ಹಾಗೆಯೇ. ಆ ವರ್ಷಗಳಲ್ಲಿ ವಡ್ಡಿನ ಹೆಂಗಸರು ಸೊಪ್ಪನ್ನು ನಾಲ್ಕು ನೀರಿಗೆ ಕಡಿಮೆ ತೊಳೆದದ್ದಿಲ್ಲ. ಮೂರನೇ ನೀರು ಚೆಲ್ಲಿದ ಸುನಿತಾ ಒಂದು ಕಡ್ಡಿಯನ್ನು ಎತ್ತಿ ಹಿಡಿದಳು.

"ಅತ್ತಿ, ಕೆಂಪು ಪುಂಡಿ ಅಂತ ತಂದೀರಿ. ತೊಳದ್ರ ಬಿಳೇ ಪುಂಡಿ ಆತು ನೋಡ್ರಿ."

ಎಳೆ ಹಸಿರು ಕಡ್ಡಿ. ಕೆಂಪಿನ ಒಂದು ಗೆರೆಯೂ ಇಲ್ಲ. ಸುನಿತಾ ನಕ್ಕು, ವಯಸ್ಸಾದ ಮೇಲೆ ಕನ್ನಡಕ ಹಾಕಿಕೊಳ್ಳಬೇಕು ಎಂದಳು. ತಾಯಕ್ಕ ನಗಲಿಲ್ಲ. ಅವಳು ಆ ಕಡ್ಡಿಯನ್ನು ತೆಗೆದುಕೊಂಡು ಬೆರಳಿನಿಂದ ತಿಕ್ಕಿದಳು, ಉಗುರಿನಿಂದ ಕೆರೆದಳು, ಬೋಗುಣಿಯ ತಳದಲ್ಲಿ ಕೂತ ಕೆಂಪು ಗಸಿಯನ್ನು ನೋಡಿದಳು. ಆಮೇಲೆ ಎದ್ದು, ಮೂಲೆಯಲ್ಲಿದ್ದ ಹಿತ್ತಾಳೆಯ ಕೊಡಕ್ಕೆ ನೀರು ತುಂಬಿಕೊಂಡು, ಎಲ್ಲಿಗೆ ಎಂದು ಕೇಳುತ್ತಿದ್ದ ಸುನಿತಾಳಿಗೆ ಬಾ ಎಂದಷ್ಟೇ ಹೇಳಿ ಹೊರಟಳು.

ಭಾನುವಾರವಲ್ಲ. ಹೊತ್ತು ಏರಿದೆ. ಹೊಟ್ಟೆಯಲ್ಲಿ ಎರಡು ರೊಟ್ಟಿ ಇದೆ. ಜೊತೆಗೆ ಇನ್ನೂ ಔಷಧಿ ಪಡೆಯದ ಸೊಸೆ ಇದ್ದಾಳೆ. ಕಂಕುಳಲ್ಲಿ ನೀರಿದೆ. ಒಂದು ದಾರಿಯಲ್ಲಿ ಇಷ್ಟು ಕಟ್ಟಳೆಗಳನ್ನು ಒಟ್ಟಿಗೆ ಮುರಿದವರು ಅವರ ಮನೆತನದಲ್ಲಿ ಯಾರೂ ಇರಲಾರರು. ಹೆಜ್ಜೆ ಹೆಜ್ಜೆಗೂ ತಾಯಕ್ಕನಿಗೆ ತಿರುಗಿ ಹೋಗಬೇಕು ಅನಿಸುತ್ತಿತ್ತು, ಕಾಲು ಮಾತ್ರ ಮುಂದಕ್ಕೇ ಹೋಗುತ್ತಿತ್ತು.

ಒಡ್ಡಿನ ಮೇಲೆ ಅವಳು ಮೊದಲ ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬುಡದಿಂದ ನೀರು ಹಾಕಿ ಕಡ್ಡಿಯನ್ನು ತಿಕ್ಕಿದಳು. ಧೂಳು ಇಬ್ಬನಿಗೆ ನೆನೆದು ಬಿಸಿಲಿಗೆ ಒಣಗಿ ಮತ್ತೆ ನೆನೆದು ಬಣ್ಣದಂತೆ ಹಿಡಿದಿತ್ತು. ಉಜ್ಜಿದ ಮೇಲೆ ಕೆಳಗಿನಿಂದ ಬಂದದ್ದು ಬಿಳಿ. ಬೆಂದ ಎಲುಬಿನಂತೆ ಬಿಳಿ. ಎರಡನೆಯದು, ಬಿಳಿ. ಆರು ಗಿಡ ತೊಳೆಯುವಷ್ಟರಲ್ಲಿ ಕೊಡ ಬರಿದಾಯಿತು. ಆರೂ ಬಿಳಿ.

ನಲವತ್ತು ವರ್ಷ ಕಾಣದ ಗಿಡ ಇಷ್ಟು ದಿನ ಅವಳ ಕೈಯಲ್ಲೇ ಇತ್ತು. ಮಂದಿಯದನ್ನು ತನ್ನದೆಂದು ಅರೆದು ಮಂದಿಯ ಮೈಗೇ ಹಚ್ಚಿದ್ದಳು. ನೀರು ತಾಗಿಸಬಾರದು ಎಂದು ಹೇಳಿದವರಿಗೆ ಗಿಡದ ಮೇಲೆ ಮತ್ತೊಂದು ಬಣ್ಣ ಬಂದು ಕೂರುವ ಕಾಲ ಬರುತ್ತದೆ ಎಂದು ಗೊತ್ತಿತ್ತೇ? ಗೊತ್ತಿದ್ದರೆ ತೊಳಿ ಎನ್ನುತ್ತಿದ್ದರೇ? ತಾಯಕ್ಕ ಬರಿದಾದ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟಳು. ಸುನಿತಾ ಏನಾಯಿತು ಎಂದು ಕೇಳಿದಳು. ತಾಯಕ್ಕ ಹೇಳಿದಳು. ಎಲ್ಲವನ್ನೂ, ತಿರುವುಮುರುವಾಗಿ, ಬೊಬ್ಬೆಯಿಂದ ಹಿಡಿದು ಹರಳೆಣ್ಣೆಯವರೆಗೆ. ಸೊಸೆಗೆ ಔಷಧಿ ಕೊಡುವ ಶಾಸ್ತ್ರ ಹಾಗೆ, ಅಂಗೈಯ ಮೇಲೆ ಅಂಗೈ ಇಡದೆ, ನಡುರಸ್ತೆಯಲ್ಲಿ ಲಾರಿಯ ಗದ್ದಲದ ನಡುವೆ ಮುಗಿದುಹೋಯಿತು.

ಆಗಲೇ ನೀರಿನ ಟ್ಯಾಂಕರ್ ಬಂದದ್ದು. ಹಿಂಬದಿಯಲ್ಲಿ ನಿಂತಿದ್ದ ಮೂಕಣ್ಣ ಡ್ರೈವರಿಗೆ ಕೂಗಿ ನಿಲ್ಲಿಸಿದ. ಏನಕ್ಕ, ಬಿಸಿಲಲ್ಲಿ ಕೊಡ ಹಿಡಿದು ಕೂತೀರಿ, ನೀರು ಬೇಕಿತ್ತೇನು ಎಂದು ಇಳಿದು ಬಂದ. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು.

ತಾಯಕ್ಕನಿಗೆ ಅವನ ಕಾಲಿನಿಂದ ಕಣ್ಣು ಮೇಲೆತ್ತಲಾಗಲಿಲ್ಲ.

"ಮೂಕಣ್ಣ, ಬದ್ನೆಕಾಯಿದು ತಪ್ಪಿಲ್ಲಪ್ಪ," ಎಂದಳು. "ನಿಂದೂ ಇಲ್ಲ. ಗಿಡಾನ ತಪ್ಪಿ ಕಿತ್ತೀನಿ. ನಿನ್ನ ಕಾಲು ಸುಟ್ಟಾಕಿ ನಾನು."

ಮೂಕಣ್ಣ ಸ್ವಲ್ಪ ಹೊತ್ತು ಹೆಸರಿಗೆ ತಕ್ಕಂತೆ ಸುಮ್ಮನಿದ್ದ. ಬದುಕಿನಲ್ಲಿ ಅದು ಮೊದಲ ಸಲವಿರಬೇಕು. ಆಮೇಲೆ ತಲೆಯ ಟವೆಲು ತೆಗೆದು ಮುಖ ಒರೆಸಿಕೊಂಡ. ಟವೆಲಿನ ತುಂಬ ಕೆಂಪು.

"ಯಕ್ಕ, ಆ ಸಾರಿನಾಗ ಬದ್ನೆಕಾಯಿ ಇತ್ತೋ ಇಲ್ಲೋ ನನಗ ಇವತ್ತಿಗೂ ನೆನಪಿಲ್ಲ," ಎಂದ. "ನೀವೆಲ್ಲ ಕೇಳೇ ಕೇಳಿದ್ರಿ, ಇತ್ತು ಅಂದೆ. ಆಮ್ಯಾಲ ನನಗೂ ಇತ್ತು ಅಂತನ ಅನ್ಸಾಕ ಹತ್ತಿತ್ತು."

ಸುನಿತಾ ಒಡ್ಡಿನ ಕಡೆ ಕೈ ತೋರಿಸಿ, ಇಷ್ಟುದ್ದ ಗಿಡ ಇವೆ, ಕೊಡದ ನೀರಿನಲ್ಲಿ ಎಷ್ಟು ತೊಳೆದೇವು ಎಂದಳು. ಅದು ಹೇಳಿದ್ದೋ ಕೇಳಿದ್ದೋ ಗೊತ್ತಿಲ್ಲ. ಮೂಕಣ್ಣ ಟ್ಯಾಂಕರ್ ಕಡೆ ನೋಡಿದ, ರಸ್ತೆಯ ಕಡೆ ನೋಡಿದ, ಡ್ರೈವರನ ಕಡೆ ನೋಡಿದ. ರಸ್ತೆಗೆ ಹೊಡೆಯುವ ನೀರನ್ನು ಗಿಡಕ್ಕೆ ಹೊಡೆದರೆ ಸೂಪರ್‌ವೈಸರ್ ಬೈಯುತ್ತಾನೆ ಎಂದು ಡ್ರೈವರ್ ಗೊಣಗಿದ. ನಾಲ್ಕು ವರ್ಷದಿಂದ ಧೂಳಿಗೇ ಹೊಡೆಯುತ್ತಿದ್ದೇನೆ, ಇವತ್ತು ಒಂದು ಸಲ ಹಸಿರಿಗೆ ಹೊಡೆದರೆ ನಿನ್ನ ಗಂಟು ಹೋಗುವುದಿಲ್ಲ ಎಂದು ಮೂಕಣ್ಣ ಪೈಪು ಬಿಚ್ಚಿದ.

ನೀರು ಒಡ್ಡಿನ ಮೇಲೆ ಬಿದ್ದಂತೆ ಕೆಂಪು ಇಳಿಯತೊಡಗಿತು. ತಂಗಡಿ ಹಳದಿಯಾಯಿತು, ತುಂಬೆ ತನ್ನ ಬಿಳಿ ಹೂವು ತೋರಿಸಿತು. ಉತ್ತರಾಣಿ, ಎಕ್ಕ, ಗರಿಕೆ ಒಂದೊಂದಾಗಿ ತಮ್ಮ ತಮ್ಮ ಬಣ್ಣಕ್ಕೆ ಬಂದವು. ತಾಯಕ್ಕ ಎಷ್ಟೋ ದಿನದ ಮೇಲೆ ಗುರುತಿನವರನ್ನು ಕಂಡವಳಂತೆ ಅವುಗಳನ್ನು ನೋಡಿದಳು. ನಡುವೆ ಹೆಸರಿಲ್ಲದ ಗಿಡಗಳು, ಬಿಳಿ ಕಡ್ಡಿಯವು, ಸಾಲು ಸಾಲು. ಅತ್ತೆ, ಸೊಸೆ ಇಬ್ಬರೂ ಸೀರೆ ಎತ್ತಿ ಕಟ್ಟಿ, ಕೆಸರಿನಲ್ಲಿ ಬಗ್ಗಿ, ಒಂದೊಂದೇ ಬುಡವನ್ನು ಬೆರಳಿನಿಂದ ಉಜ್ಜುತ್ತಾ ಹೋದರು. ಟ್ಯಾಂಕರ್ ಅರ್ಧ ಖಾಲಿಯಾಗುವ ಹೊತ್ತಿಗೆ, ಒಡ್ಡು ಮುಗಿಯುವ ಕಡೆ, ಮೋರಿಯ ಕಲ್ಲಿನ ಸಂದಿಯ ಬಳಿ ಸುನಿತಾ ನಿಂತಳು.

"ಅತ್ತಿ, ಇದು ಹೋಗವಲ್ದು."

ತಾಯಕ್ಕ ಬಂದು ಉಜ್ಜಿದಳು. ಮತ್ತೆ ಉಜ್ಜಿದಳು. ಕೆಂಪು ಹೋಗಲಿಲ್ಲ. ಎರಡೇ ಎರಡು ಗಿಡ. ಆದರೆ ಈಗ ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ. ನೀನು ನೋಡು ಎಂದು ಸುನಿತಾಳಿಗೆ ಹೇಳಿದಳು, ನೀನೂ ನೋಡಪ್ಪ ಎಂದು ಮೂಕಣ್ಣನಿಗೆ ಹೇಳಿದಳು. ಮೂಕಣ್ಣ ಬಗ್ಗಿ ನೋಡಿ, ಕೆಂಪು ಎಂದ. ಡ್ರೈವರ್ ದೂರದಿಂದಲೇ ಕೆಂಪು ಎಂದ. ಮೂರು ತಲೆಮಾರು ಮುಚ್ಚಿಟ್ಟ ಗಿಡವನ್ನು ಹಾಗೆ ನಾಲ್ಕು ಜನ ಹಗಲು ಹೊತ್ತಿನಲ್ಲಿ ನೋಡಿದರು.

ಒಂದನ್ನು ಅಲ್ಲೇ ಬಿಟ್ಟು, ಇನ್ನೊಂದನ್ನು ಬೇರು ಸಮೇತ ಮಣ್ಣಿನ ಹೆಂಟೆಯೊಂದಿಗೆ ಎಬ್ಬಿಸಿ ತಂದರು. ತಾಯಕ್ಕ ಎರಡು ರೆಂಬೆಯಷ್ಟೇ ಮುರಿದು ಅರೆದಳು. ಮುದ್ದೆ ಎಮ್ಮೆಯ ಚರ್ಮದ ಬಣ್ಣಕ್ಕೆ ಬಂತು. ಮೊದಲು ತನ್ನ ಕೈಗೆ, ಹಳೆಯ ಗಾಯದ ಪಕ್ಕದಲ್ಲಿ ಹಚ್ಚಿಕೊಂಡು ಮೂರು ದಿನ ಕಾದಳು. ಸ್ವಲ್ಪ ಉರಿಯಿತು, ಸುಡಲಿಲ್ಲ. ಶಿವರಾತ್ರಿಯ ಮರುದಿನ ಕಾವ್ಯಳ ಕಾಲಿಗೆ ಹಚ್ಚಿದಳು.

ಮೂರನೇ ಭಾನುವಾರ ಕಳೆಯುವ ಹೊತ್ತಿಗೆ ಹರಡಿನ ಸುತ್ತ ಹಕ್ಕಳೆ ಉದುರಿ ಹೊಸ ಚರ್ಮ ಬಂದಿತ್ತು. ತಾಯಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಂಪ್ಲಿಗೆ ಹೋಗಿ ನೀಲಗಂಗಮ್ಮನ ಕೈ ಹಿಡಿದು ನಿಜ ಹೇಳಿ ಬರಬೇಕು ಎಂದು ಸೀರೆ ಉಟ್ಟು ಸಿದ್ಧಳಾದಳು. ಆಗ ಸುನಿತಾ ತಲೆ ತಗ್ಗಿಸಿಕೊಂಡು ಬಂದು ಎದುರಿಗೆ ನಿಂತಳು. ಅವಳ ಕೈಯಲ್ಲಿ ಸುರುಟಿದ ಒಂದು ಮುಲಾಮಿನ ಟ್ಯೂಬು.

"ಸುಳ್ಳು ಹೇಳಾಂಗಿಲ್ಲ ಅತ್ತಿ. ಹೊಸಪೇಟಿ ಡಾಕ್ಟ್ರು ಕೊಟ್ಟಿದ್ದನ್ನೂ ದಿನಾ ಹಚ್ಚೀನಿ. ನೀವು ನೋಡ್ಲಾರದಂಗ. ಹೆತ್ತಾಕಿ ನಾನು, ನನ್ನ ಜೀವ ತಡೀಲಿಲ್ಲ."

ತಾಯಕ್ಕ ಟ್ಯೂಬನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಅದರ ಮೇಲೆ ಏನೋ ಹೆಸರಿತ್ತು, ಅವಳಿಗೆ ಓದಲು ಬಾರದು. ಮೊಮ್ಮಗಳ ಕಾಲು ವಾಸಿಯಾಗಿತ್ತು, ಅದಂತೂ ನಿಜ. ಯಾವುದರಿಂದ? ತನ್ನ ಕೈ ಬದುಕಿದೆಯೋ, ಟ್ಯೂಬಿನ ಕೈಯೋ? ಬೈಯಬೇಕು ಅನಿಸಿತು. ಆದರೆ ತಾನು ಮೂರು ಭಾನುವಾರ ನೆಪ ಹೇಳಿದ್ದು ನೆನಪಿಗೆ ಬಂತು. ನಗಬೇಕು ಅನಿಸಿತು, ಅದೂ ಪೂರ್ತಿ ಬರಲಿಲ್ಲ. ಕೊನೆಗೆ ಟ್ಯೂಬನ್ನು ಸೊಸೆಯ ಕೈಗೆ ಕೊಟ್ಟು, ಅದರಲ್ಲಿ ಇನ್ನೂ ಸ್ವಲ್ಪ ಇದೆ, ಎಸೆಯಬೇಡ ಎಂದಳು.

ನೀಲಗಂಗಮ್ಮನಿಗೆ ಏನು ಹೇಳುವುದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದಳು. ಕೊನೆಗೆ ಹೇಳಿದ್ದು ಗೊತ್ತಿದ್ದಷ್ಟನ್ನೇ: ನಿಮ್ಮ ದೈವ ಸಣ್ಣದಲ್ಲ ಅಮ್ಮಾರೆ, ನಾನು ಗಿಡ ತೊಳೆದು ನೋಡಲಿಲ್ಲ.

ಒಡ್ಡಿನಿಂದ ತಂದ ಗಿಡ ಈಗ ಬಚ್ಚಲ ಪಕ್ಕದ ಒಡಕು ಗಡಿಗೆಯಲ್ಲಿದೆ. ಸಾಕಿದ ಗಿಡಕ್ಕೆ ಗುಣವಿಲ್ಲ ಎಂದು ಎರ್ರೆಮ್ಮ ಹೇಳುತ್ತಿದ್ದಳು. ಇರಬಹುದು, ಇಲ್ಲದಿರಬಹುದು. ಸುನಿತಾ ಪ್ರತಿದಿನ ಬೆಳಿಗ್ಗೆ ಅದರ ಮೇಲೆ ಎರಡು ಚೊಂಬು ನೀರು ಸುರಿಯುತ್ತಾಳೆ, ತಾಯಕ್ಕ ಬೇಡ ಎನ್ನುವುದಿಲ್ಲ.

ಕಂಪ್ಲಿಯಿಂದ ಬಂದ ಆ ಸಂಜೆ ತಾಯಕ್ಕ ಬಸ್ ಇಳಿದು ಮೂಕಣ್ಣನ ಮನೆಯ ಮುಂದೆ ಹಾದು ಬರುವಾಗ ಒಳಗಿನಿಂದ ಎಣ್ಣೆಗಾಯಿಯ ಘಮ ಬರುತ್ತಿತ್ತು. ವಿರುಪಮ್ಮ ಬಾಗಿಲಿಗೆ ಬಂದು, ಕುಂದ್ರು ಬಾ ಯಕ್ಕ, ಬಿಸಿ ರೊಟ್ಟಿ ಇದೆ ಎಂದು ಕರೆದಳು. ತಾಯಕ್ಕನ ಕೈಯ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಪಥ್ಯ ಹಿಡಿಯಬೇಕೋ ಬೇಡವೋ ಎಂದು ಅವಳು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಒಳಗೆ ಮೂಕಣ್ಣ ಎರಡನೇ ಬದನೆಕಾಯಿ ಬಡಿಸಿಕೊಳ್ಳುತ್ತಿದ್ದ. ತಾಯಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು.